ಅಗಲಿದವರ ಹೆಸರಲ್ಲೊಂದು ನೆರಳು

ಗುಜರಾತಿನ ಜನ ಸತ್ತವರ ನೆನಪಿಗೆ ಬಾವಿ ತೋಡಿಸಿದರು, ಅರವಟ್ಟಿಗೆ ಇಟ್ಟರು, ಹಕ್ಕಿಗೆ ಕಾಳು ಹಾಕಲು ಗೋಪುರ ಕಟ್ಟಿದರು. ಬೇಸಿಗೆ 45 ಡಿಗ್ರಿ ದಾಟುವ ಈ ಕಾಲದಲ್ಲಿ ಅದೇ ಪರಂಪರೆ ಈಗ ತೋಟವನ್ನು ಬೇಡುತ್ತಿದೆ. ಆ ತೋಟಕ್ಕೆ ಉದ್ಘಾಟನೆಗಿಂತ ಮೊದಲು ಬೇಕಾದದ್ದು ಹತ್ತು ಬೇಸಿಗೆಯ ನೀರು!

ಅಹಮದಾಬಾದಿನ ಅಸಾರ್ವಾದಲ್ಲಿ ಮೇ ತಿಂಗಳ ನಡುಹಗಲು. ರಸ್ತೆಯ ಡಾಂಬರು ಮೆತ್ತಗಾಗಿದೆ, ನಾಯಿಗಳು ಗಾಡಿಗಳ ಅಡಿ ಸೇರಿವೆ. ಮನೆಗಳ ನಡುವೆ ನೆಲದ ಮಟ್ಟದಲ್ಲೊಂದು ಕಲ್ಲಿನ ಮಂಟಪ. ಅಲ್ಲಿಂದ ಮೆಟ್ಟಿಲುಗಳು ಭೂಮಿಯೊಳಕ್ಕೆ ಇಳಿಯುತ್ತವೆ. ಒಂದು ಅಂತಸ್ತು ಇಳಿದರೆ ಕಣ್ಣುರಿ ತಗ್ಗುತ್ತದೆ, ಇನ್ನೊಂದು ಇಳಿದರೆ ಬೆವರು ಆರುತ್ತದೆ, ಅದಕ್ಕೂ ಕೆಳಗೆ ಕಂಬಗಳ ನಡುವಿನ ಗಾಳಿಯೇ ಬೇರೆ. ಇದು ದಾದಾ ಹರೀರ್ ವಾವ್. ಸುಲ್ತಾನ ಮಹಮೂದ್ ಬೇಗಡಾನ ಅಂತಃಪುರದ ಮೇಲ್ವಿಚಾರಕಿಯಾಗಿದ್ದ ಬಾಯಿ ಹರೀರ್ 1499ರ ಸುಮಾರಿಗೆ ಕಟ್ಟಿಸಿದ ಮೆಟ್ಟಿಲುಬಾವಿ. ಪಕ್ಕದಲ್ಲೇ ಅವಳ ಮಸೀದಿ, ಅವಳ ಗೋರಿ. ಒಳಗೆ ಎರಡು ಶಾಸನಗಳಿವೆ, ಒಂದು ಸಂಸ್ಕೃತದ್ದು, ಒಂದು ಅರಬ್ಬಿಯದ್ದು. ನಾಲ್ಕು ದಿಕ್ಕಿನಿಂದ ಬಾಯಾರಿ ಬರುವ ಮನುಷ್ಯರು, ಪಶುಪಕ್ಷಿಗಳು, ಮರಗಿಡಗಳು ಎಲ್ಲಕ್ಕೂ ಈ ನೀರು ಸಲ್ಲಬೇಕು ಎಂಬುದು ಸಂಸ್ಕೃತ ಶಾಸನದ ಸಾರ. ಅರಬ್ಬಿ ಶಾಸನ ಬಾವಿಯ ಜೊತೆಗೆ ಹಣ್ಣಿನ ಮರಗಳ ತೋಪನ್ನೂ ಹೇಳುತ್ತದೆ.

ಆ ತೋಪು ಈಗಿಲ್ಲ. ಆದರೆ ತನ್ನ ಗೋರಿಯ ಪಕ್ಕದಲ್ಲಿ ಅಪರಿಚಿತರಿಗೆ ನೀರು, ನೆರಳು, ಹಣ್ಣು ಇರಲಿ ಎಂದು ಬಯಸಿದ ಆ ಹೆಂಗಸಿನ ಯೋಚನೆ ಐನೂರು ವರ್ಷಗಳ ಬಳಿಕ ಅದೇ ಪ್ರದೇಶಕ್ಕೆ ಮತ್ತೆ ಬೇಕಾಗಿದೆ. ಬಾವಿಯಿಂದ ಕೆಲವೇ ಕಿಲೋಮೀಟರ್ ದೂರದ ಮೇಘಾಣಿನಗರದಲ್ಲಿ, ಬಿ.ಜೆ. ವೈದ್ಯಕೀಯ ಕಾಲೇಜಿನ ಹಾಸ್ಟೆಲ್ ಮೇಲೆ 2025ರ ಜೂನ್ 12ರ ಮಧ್ಯಾಹ್ನ ಲಂಡನ್‌ಗೆ ಹೊರಟಿದ್ದ ಏರ್ ಇಂಡಿಯಾ 171 ವಿಮಾನ ಬಿತ್ತು. ವಿಮಾನದಲ್ಲಿದ್ದ 242 ಮಂದಿಯಲ್ಲಿ ಬದುಕಿದ್ದು ಒಬ್ಬರೇ. ನೆಲದ ಮೇಲಿದ್ದ 19 ಮಂದಿಯೂ ಸೇರಿ ಸತ್ತವರು 260. ಅಹಮದಾಬಾದ್, ವಡೋದರಾ, ಸೂರತ್‌ಗಳಿಂದ ಹಿಡಿದು ಬ್ರಿಟನ್, ಪೋರ್ಚುಗಲ್‌ವರೆಗೆ ಮನೆಗಳಲ್ಲಿ ದೀಪ ಆರಿತು. ಇಷ್ಟು ದೊಡ್ಡ ಸಾವನ್ನು ಒಂದು ನಗರ ಹೇಗೆ ನೆನಪಿಟ್ಟುಕೊಳ್ಳಬೇಕು? ಒಂದು ಮನೆ ತನ್ನ ಒಬ್ಬರ ಸಾವನ್ನು ಹೇಗೆ ನೆನಪಿಟ್ಟುಕೊಳ್ಳಬೇಕು? ಎರಡಕ್ಕೂ ಉತ್ತರ ಒಂದೇ ಎಂಬುದು ಈ ಲೇಖನದ ವಾದ: ಗುರುತಿಲ್ಲದವರೂ ಬಂದು ಕೂರಬಹುದಾದ ನೆರಳು. ಕಲ್ಲು ಬೇಡವೆಂದಲ್ಲ, ಹೆಸರು ಕೆತ್ತಲು ಕಲ್ಲು ಬೇಕೇ ಬೇಕು. ಆದರೆ ಕಲ್ಲೇ ಮುಖ್ಯವಾದರೆ ನೆನಪಿಗೆ ಆಯುಸ್ಸು ಕಡಿಮೆ. ಅದಕ್ಕೆ ಗುಜರಾತಿನ ಇದೇ ಮೂರು ನಗರಗಳಲ್ಲಿ ಸಾಕ್ಷ್ಯ ಸಿಗುತ್ತದೆ.

ಸಸ್ಯಗಳ ಮನುಷ್ಯನಿಗೆ ಕಲ್ಲಿನ ಗುಮ್ಮಟ

ಸೂರತ್ತಿನ ಕತಾರ್‌ಗಾಮ್ ದರ್ವಾಜಾ ಬಳಿ ಇಂಗ್ಲಿಷರ ಮತ್ತು ಡಚ್ಚರ ಹಳೆಯ ಸ್ಮಶಾನಗಳಿವೆ. ಇಂಗ್ಲಿಷ್ ಕೋಠಿಯ ಮುಖ್ಯಸ್ಥನಾಗಿದ್ದ ಜಾರ್ಜ್ ಆಕ್ಸೆಂಡನ್ 1669ರಲ್ಲಿ ತೀರಿಕೊಂಡ. ಹತ್ತು ವರ್ಷ ಮೊದಲು ಸತ್ತಿದ್ದ ತಮ್ಮ ಕ್ರಿಸ್ಟೋಫರನ ಜೊತೆ ಅವನಿಗೂ ಅಲ್ಲಿ ಗುಮ್ಮಟದ ಸಮಾಧಿ ಎದ್ದಿತು. ಅದನ್ನು ಮೀರಿಸಬೇಕೆಂಬ ಹಟ ಡಚ್ಚರದು. 1691ರ ಡಿಸೆಂಬರ್‌ನಲ್ಲಿ ಮುಂಬೈ ಬಳಿ ಹಡಗಿನಲ್ಲೇ ಸತ್ತ ತಮ್ಮ ಹಿರಿಯ ಅಧಿಕಾರಿ ಹೆಂಡ್ರಿಕ್ ವಾನ್ ರೀಡನ ದೇಹವನ್ನು ಸೂರತ್‌ಗೆ ತಂದು, ಎಂಟು ಮೂಲೆಯ, ಎರಡು ಅಂತಸ್ತಿನ ಭಾರಿ ಸಮಾಧಿ ಕಟ್ಟಿದರು. ಇಂದು ಅದು ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಅಲ್ಲಿಗೆ ಹೂವು ಹಿಡಿದು ಬರುವ ಬಂಧು ಯಾರೂ ಉಳಿದಿಲ್ಲ. ವಾಸ್ತುವಿನ ಕುತೂಹಲಿಗಳು ಬರುತ್ತಾರೆ, ಅಳತೆ ನೋಡಿ ಹೋಗುತ್ತಾರೆ.

ಈ ವಾನ್ ರೀಡ್ ಬೇರೆ ಯಾರೂ ಅಲ್ಲ, ಮಲಬಾರಿನ ಸಸ್ಯಗಳ ಮೇಲಿನ ಮಹಾಗ್ರಂಥ ‘ಹೊರ್ಟುಸ್ ಮಲಬಾರಿಕುಸ್’ ಸಿದ್ಧಪಡಿಸಿದವನು. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಹನ್ನೆರಡು ಸಂಪುಟಗಳಾಗಿ ಹೊರಬಂದ ಆ ಗ್ರಂಥದಲ್ಲಿ 742 ಸಸ್ಯಗಳ ವಿವರವಿದೆ. ಈಳವ ವೈದ್ಯ ಇಟ್ಟಿ ಅಚ್ಯುತನ್, ಕೊಂಕಣಿ ಪಂಡಿತರಾದ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟರ ತಿಳಿವಳಿಕೆ ಅದರ ಬೆನ್ನೆಲುಬು. ಕ್ಯಾಲಿಕಟ್‌ನ ಸಸ್ಯವಿಜ್ಞಾನಿ ಕೆ.ಎಸ್. ಮಣಿಲಾಲ್ ದಶಕಗಳ ಕಾಲ ದುಡಿದು ಅದನ್ನು ಲ್ಯಾಟಿನ್‌ನಿಂದ ಇಂಗ್ಲಿಷಿಗೂ ಮಲಯಾಳಕ್ಕೂ ತಂದರು. ನಮ್ಮ ಕರಾವಳಿಯ ಹಿತ್ತಿಲಿನ ಎಷ್ಟೋ ಗಿಡಗಳು ಅದರಲ್ಲಿವೆ. ಅವನನ್ನು ಇಂದಿಗೂ ಬದುಕಿಸಿರುವುದು ಸೂರತ್ತಿನ ಗುಮ್ಮಟವಲ್ಲ, ಆ ಗಿಡಗಳು. ಗಿಡಮರಗಳಿಗಾಗಿ ಅಷ್ಟು ದುಡಿದವನ ಸುತ್ತ ಅವನ ಜನ ಒಂದು ತೋಟ ಮಾಡಿ ಬಿಟ್ಟಿದ್ದರೆ ಸೂರತ್ತಿನ ಮಕ್ಕಳು ಇವತ್ತು ಅದರಲ್ಲಿ ಆಡುತ್ತಿದ್ದರು, ಅವನ ಹೆಸರೂ ಅವರ ಬಾಯಲ್ಲಿ ಇರುತ್ತಿತ್ತು.

ವಡೋದರಾದಲ್ಲಿ ಹೋಲಿಕೆ ಇನ್ನೂ ಸ್ಪಷ್ಟ. ಮೂರನೆಯ ಸಯಾಜಿರಾವ್ ಗಾಯಕವಾಡರು ತಮ್ಮ ವಂಶದ ಅಗಲಿದವರಿಗಾಗಿ 1936ರಲ್ಲಿ ಕೀರ್ತಿ ಮಂದಿರ ಕಟ್ಟಿಸಿದರು. ಅದರ ಗೋಡೆಗಳಿಗೆ ನಂದಲಾಲ್ ಬೋಸ್ ಚಿತ್ರ ಬರೆದರು. ಸುಂದರ ಕಟ್ಟಡ, ಕಲಾವಿದ್ಯಾರ್ಥಿಗಳು ನೋಡಲೇಬೇಕಾದದ್ದು. ಆದರೆ ವಡೋದರಾದ ಸಾಮಾನ್ಯ ಜನ ಸಯಾಜಿರಾಯರನ್ನು ನೆನೆಯುವುದು ಅವರ ಕಾಲದಲ್ಲಿ, 1879ರಲ್ಲಿ, ವಿಶ್ವಾಮಿತ್ರಿ ನದಿಯ ದಂಡೆಯಲ್ಲಿ ಎದ್ದ ಸಯಾಜಿ ಬಾಗಿನಲ್ಲಿ. ಕಮಾಟಿ ಬಾಗ್ ಎಂದು ಊರು ಕರೆಯುವ ಆ ನೂರಕ್ಕೂ ಹೆಚ್ಚು ಎಕರೆಯ ತೋಟದಲ್ಲಿ ಬೆಳಗಿನ ನಡಿಗೆಯವರಿಂದ ಹಿಡಿದು ಪರೀಕ್ಷೆಗೆ ಓದುವ ಹುಡುಗರವರೆಗೆ ಎಲ್ಲರಿಗೂ ಜಾಗವಿದೆ. ಅದೇ ತೋಟದಲ್ಲಿ ಸಂಕಲ್ಪ ಭೂಮಿಯೂ ಇದೆ. ಬರೋಡಾ ಸಂಸ್ಥಾನದ ನೌಕರಿಗೆ ಬಂದ ಅಂಬೇಡ್ಕರರಿಗೆ ಜಾತಿಯ ಕಾರಣಕ್ಕೆ ಊರಿನಲ್ಲಿ ಉಳಿಯಲು ಸೂರು ಸಿಗಲಿಲ್ಲ. 1917ರ ಸೆಪ್ಟೆಂಬರ್ 23ರಂದು ಅವರು ಇಲ್ಲಿನ ಆಲದ ಮರದಡಿ ಕುಳಿತು ತಮ್ಮ ಜನರ ಬಿಡುಗಡೆಗೆ ದುಡಿಯುವ ನಿಶ್ಚಯ ಮಾಡಿದರೆಂದು ಜನ ನೆನೆಯುತ್ತಾರೆ. ಪ್ರತಿ ವರ್ಷ ಆ ದಿನ ಸಾವಿರಾರು ಮಂದಿ ಅಲ್ಲಿಗೆ ಬರುತ್ತಾರೆ. ಮನೆ ಕೊಡದ ಊರಿನಲ್ಲಿ ಕೂರಲು ಜಾಗ ಕೊಟ್ಟದ್ದು ಸಾರ್ವಜನಿಕ ತೋಟದ ಒಂದು ಮರ. ನೆನಪಿನ ತೋಟ ಯಾಕೆ ಎಲ್ಲರಿಗೂ ತೆರೆದಿರಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಬಿಸಿಲೂರಿನ ಲೆಕ್ಕ

ಗುಜರಾತಿಗೆ ಇದು ಹೊಸ ಪಾಠವಲ್ಲ. ಪಾಟಣದ ರಾಣಿ ಕೀ ವಾವ್ ಅನ್ನು ರಾಣಿ ಉದಯಮತಿ ತನ್ನ ಗಂಡ ಒಂದನೆಯ ಭೀಮದೇವನ ನೆನಪಿಗೆ ಹನ್ನೊಂದನೆಯ ಶತಮಾನದಲ್ಲಿ ಕಟ್ಟಿಸಿದಳು. ಅಹಮದಾಬಾದಿನ ಹತ್ತಿರದ ಅಡಾಲಜ್ ವಾವ್ ಕೂಡ ರಾಣಿ ರೂಡಾಬಾಯಿ ಗಂಡನ ನೆನಪಿಗೆ ಪೂರ್ತಿಗೊಳಿಸಿದ್ದೆಂಬ ಪ್ರತೀತಿ ಇದೆ. ರಾಣಿಯರ ಮಾತು ಬಿಡಿ, ಸಾಧಾರಣ ಮನೆಗಳೂ ಇದನ್ನೇ ಮಾಡಿದವು. ಹಳೆಯ ಅಹಮದಾಬಾದಿನ ಪೋಳ ಎಂಬ ಓಣಿಗಳಲ್ಲಿ ಹಕ್ಕಿಗೆ ಕಾಳು ಹಾಕುವ ಚಬೂತರೋಗಳಿವೆ. ರಸ್ತೆ ಬದಿಯಲ್ಲಿ ಪರಬ್ ಎಂಬ ಅರವಟ್ಟಿಗೆಗಳಿವೆ. ಊರೂರಿನ ಉದ್ಯಾನ, ಬಸ್ ನಿಲ್ದಾಣಗಳಲ್ಲಿ ಬಾಂಕಡೊ ಎಂಬ ಸಿಮೆಂಟು ಬೆಂಚುಗಳಿವೆ. ಬೆಂಚಿನ ಬೆನ್ನಿಗೆ ಬಣ್ಣದಲ್ಲಿ ಬರೆದಿರುತ್ತದೆ: ಇಂಥವರ ಸ್ಮರಣಾರ್ಥ, ಕೆಳಗೆ ಮನೆಯವರ ಹೆಸರು. ದಣಿದು ಬಂದವರು ಆ ಹೆಸರಿಗೆ ಬೆನ್ನು ಕೊಟ್ಟು ಕೂರುತ್ತಾರೆ, ಟಿಫಿನ್ ಬಿಚ್ಚುತ್ತಾರೆ. ಅದನ್ನು ಯಾರೂ ಅಗೌರವವೆಂದು ಎಣಿಸುವುದಿಲ್ಲ. ಹಾಗೆ ಕೂರಲೆಂದೇ ಅದನ್ನು ಕೊಟ್ಟದ್ದು. ಕೆರೆ ಕಟ್ಟಿಸಿ, ತೋಪು ಬೆಳೆಸಿ ಹಿರಿಯರ ಹೆಸರು ಹೇಳುವ ಕ್ರಮ ನಮ್ಮಲ್ಲೂ ಇದ್ದುದರಿಂದ ಕನ್ನಡಿಗರಿಗೆ ಈ ಮನಸ್ಸು ಬಿಡಿಸಿ ಹೇಳಬೇಕಿಲ್ಲ.

ಆಗಿನ ಕಾಲಕ್ಕೆ ದೊಡ್ಡ ಕೊರತೆ ನೀರು. ಈಗ ನಲ್ಲಿಯಲ್ಲಿ ನೀರು ಬರುತ್ತದೆ. ನೆರಳಿಗೆ ಬರ ಬಂದಿದೆ. 2010ರ ಮೇ ತಿಂಗಳಲ್ಲಿ ಅಹಮದಾಬಾದಿನ ತಾಪಮಾನ 46.8 ಡಿಗ್ರಿಗೆ ಏರಿತು. ಆ ಒಂದು ತಿಂಗಳಲ್ಲಿ ವಾಡಿಕೆಗಿಂತ 1,344 ಮಂದಿ ಹೆಚ್ಚಾಗಿ ಸತ್ತರೆಂದು ಬಳಿಕ ನಡೆದ ಅಧ್ಯಯನ ತೋರಿಸಿತು. 2013ರಲ್ಲಿ ಆ ನಗರ ಬಿಸಿಗಾಳಿ ಎದುರಿಸುವ ಕ್ರಿಯಾಯೋಜನೆ ರೂಪಿಸಿತು. ದಕ್ಷಿಣ ಏಷ್ಯಾದಲ್ಲಿ ಅದೇ ಮೊದಲನೆಯದು. 2016ರ ಮೇ ತಿಂಗಳಲ್ಲಿ ಪಾದರಸ 48 ಡಿಗ್ರಿ ಮುಟ್ಟಿತು. ಇಂಥ ಊರಿನಲ್ಲಿ ತಳ್ಳುಗಾಡಿಯವರಿಗೆ, ಕಟ್ಟಡದ ಕೂಲಿಗಳಿಗೆ, ಆಸ್ಪತ್ರೆಯ ಹೊರಗೆ ಕಾಯುವ ಹಳ್ಳಿಯವರಿಗೆ ಒಂದು ಬೇವಿನ ಮರದ ನೆರಳು ಜೀವ ಉಳಿಸುವ ವಸ್ತು. ಸತ್ತವರ ಹೆಸರಿನಲ್ಲಿ ನೆಟ್ಟ ಮರ ಮತ್ತೊಬ್ಬರ ಸಾವನ್ನು ತಡೆದರೆ ಅದಕ್ಕಿಂತ ದೊಡ್ಡ ತರ್ಪಣ ಯಾವುದು?

[ಚೌಕಟ್ಟು] ಕನಿಷ್ಕದ ಮೂರು ತೋಟಗಳು

1985ರ ಜೂನ್ 23ರಂದು ಏರ್ ಇಂಡಿಯಾದ ‘ಕನಿಷ್ಕ’ ವಿಮಾನ ಬಾಂಬು ಸ್ಫೋಟದಿಂದ ಐರ್ಲೆಂಡಿನ ಬಳಿ ಸಮುದ್ರಕ್ಕೆ ಬಿದ್ದು 329 ಮಂದಿ ಸತ್ತರು. ಸರಿಯಾಗಿ ಒಂದು ವರ್ಷಕ್ಕೆ, ಐರ್ಲೆಂಡಿನ ಅಹಕಿಸ್ತಾ ಎಂಬ ಪುಟ್ಟ ಊರಿನ ಕಡಲ ದಂಡೆಯಲ್ಲಿ ನೆರಳುಗಡಿಯಾರವಿರುವ ತೋಟ ತೆರೆಯಿತು. ಸತ್ತವರ ಪರಿಚಯವೇ ಇಲ್ಲದ ಊರಿನವರು ಇಂದಿಗೂ ವರ್ಷ ವರ್ಷ ಬಂಧುಗಳ ಜೊತೆ ನಿಲ್ಲುತ್ತಾರೆ.

ಕೆನಡಾದ ಟೊರಾಂಟೊದಲ್ಲಿ ಸರೋವರದ ದಂಡೆಯ ಉದ್ಯಾನದಲ್ಲಿ, ವ್ಯಾಂಕೂವರಿನ ಸ್ಟ್ಯಾನ್ಲಿ ಪಾರ್ಕಿನಲ್ಲಿ 2007ರಲ್ಲಿ ಸ್ಮಾರಕಗಳಾದವು. ಸತ್ತವರಲ್ಲಿ ಎಂಬತ್ತಕ್ಕೂ ಹೆಚ್ಚು ಮಕ್ಕಳಿದ್ದರು. ಸ್ಟ್ಯಾನ್ಲಿ ಪಾರ್ಕಿನಲ್ಲಿ ಹೆಸರುಗಳ ಗೋಡೆಯ ಪಕ್ಕದಲ್ಲೇ ಮಕ್ಕಳ ಆಟದ ಮೈದಾನವಿದೆ.

ಆಕ್ಷೇಪಗಳಿಗೆ ಉತ್ತರ

ಮೊದಲ ಆಕ್ಷೇಪ ಧರ್ಮದ ಕಡೆಯಿಂದ ಬರುತ್ತದೆ. ಹಿಂದೂಗಳು ಅಸ್ಥಿಯನ್ನು ನೀರಿಗೆ ಬಿಟ್ಟು ಹಿಂತಿರುಗಿ ನೋಡದೆ ಬರುತ್ತಾರೆ. ಹೋದವರನ್ನು ಹೋಗಲು ಬಿಡುವುದೇ ಕ್ರಮ, ತೋಟ ಮಾಡಿ ಅವರನ್ನು ಇಲ್ಲೇ ಕಟ್ಟಿಹಾಕಬಾರದು ಎನ್ನುವವರಿದ್ದಾರೆ. ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಲಾಗದು. ಆದರೆ ಸಂಸ್ಕಾರ ಮತ್ತು ಸ್ಮರಣೆ ಎರಡು ಬೇರೆ ಕೆಲಸಗಳೆಂದು ಗುಜರಾತಿನ ನೆಲವೇ ತೋರಿಸುತ್ತದೆ. ನಮ್ಮ ವೀರಗಲ್ಲಿನಂತೆ ಅಲ್ಲಿ ಊರಂಚಿನಲ್ಲಿ ಪಾಳಿಯಾಗಳು ನಿಂತಿವೆ, ಹಬ್ಬಕ್ಕೆ ಅವಕ್ಕೆ ಸಿಂಧೂರ ಹಚ್ಚುತ್ತಾರೆ. ಸೂರತ್ತಿನಲ್ಲಿ ತಾಪಿ ನದಿಯ ಅಶ್ವಿನಿಕುಮಾರ ಘಾಟ್ ಹತ್ತಿರ ಮೂರೇ ಎಲೆಯ ಆಲವೆಂದು ಹೆಸರಾದ ಗಿಡವಿದೆ. ಕರ್ಣನ ದೇಹ ಸುಟ್ಟ ಜಾಗವದು ಎಂಬುದು ಸ್ಥಳಪುರಾಣ. ಊರಿನ ದೊಡ್ಡ ಸ್ಮಶಾನದ ಬಳಿ, ಜನ ತಮ್ಮವರನ್ನು ಬೆಂಕಿಗೆ ಕೊಡುವ ಜಾಗದಲ್ಲೇ, ಒಂದು ಗಿಡಕ್ಕೆ ನೆನಪನ್ನು ಕಟ್ಟಿಟ್ಟಿದ್ದಾರೆ. ಇನ್ನು ವಿಮಾನದಲ್ಲಿದ್ದವರಲ್ಲಿ 169 ಭಾರತೀಯ ಪ್ರಯಾಣಿಕರ ಜೊತೆ 53 ಬ್ರಿಟಿಷರು, ಏಳು ಪೋರ್ಚುಗೀಸರು, ಒಬ್ಬರು ಕೆನಡಾದವರು ಇದ್ದರು. ಹಲವು ಧರ್ಮಗಳ ಕುಟುಂಬಗಳು. ಒಂದು ಮತದ ವಿಧಿಗೆ ಸೇರದ, ಎಲ್ಲರೂ ಚಪ್ಪಲಿ ಕಳಚದೆಯೂ ಕಳಚಿಯೂ ಬರಬಹುದಾದ ಜಾಗವೆಂದರೆ ಮರದ ಕೆಳಗಿನ ಜಾಗ.

ಕೊರೋನಾ ಕಾಲದ ಸಾವುಗಳನ್ನೂ ಇಲ್ಲಿ ನೆನೆಯಬೇಕು. 2021ರ ಏಪ್ರಿಲ್‌ನಲ್ಲಿ ಸೂರತ್ತಿನ ಚಿತಾಗಾರಗಳು ಹಗಲು ರಾತ್ರಿ ಉರಿದು, ಕುಲುಮೆಯ ಕಬ್ಬಿಣದ ಚೌಕಟ್ಟುಗಳೇ ಕರಗಿದವು. ಎಷ್ಟೋ ಮನೆಯವರಿಗೆ ಕೊನೆಯ ಸಲ ಮುಖ ನೋಡಲೂ ಆಗಲಿಲ್ಲ, ಗುಜರಾತಿ ಮನೆಗಳಲ್ಲಿ ತಪ್ಪದೆ ನಡೆಯುವ ಬೆಸಣಾ ಎಂಬ ಸಂತಾಪ ಕೂಟಕ್ಕೂ ಜನ ಸೇರುವಂತಿರಲಿಲ್ಲ. ಅದೇ ವರ್ಷ ಭೋಪಾಲದ ಭದ್‌ಭದಾ ಸ್ಮಶಾನದವರು ಯಾರೂ ಒಯ್ಯದೆ ಉಳಿದ ಬೂದಿಯನ್ನು ಏನು ಮಾಡುವುದೆಂದು ಯೋಚಿಸಿ, 21 ಲಾರಿಗಳಷ್ಟು ಬೂದಿಯನ್ನು ಮಣ್ಣು, ಗೊಬ್ಬರಗಳ ಜೊತೆ ಬೆರೆಸಿ 12,000 ಚದರಡಿಯಲ್ಲಿ ತೋಟ ಮಾಡಿದರು. ಅಸ್ಥಿ ನದಿಗೆ ಹೋಯಿತು, ಬೂದಿ ಗಿಡಕ್ಕೆ ಹೋಯಿತು. ನದಿಯ ಹೊರೆಯೂ ಅಷ್ಟರ ಮಟ್ಟಿಗೆ ಇಳಿಯಿತು. ಶಾಸ್ತ್ರಕ್ಕೆ ಇದರಿಂದ ಯಾವ ಧಕ್ಕೆಯೂ ಆದಂತೆ ಕಾಣುವುದಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಮರ ಸತ್ತರೆ? ಅಮ್ಮನ ಹೆಸರಿನಲ್ಲಿ ನೆಟ್ಟ ಸಸಿ ಎರಡನೆಯ ಬೇಸಿಗೆಗೆ ಒಣಗಿ ನಿಂತರೆ ಅದು ಎರಡನೆಯ ಸಾವಿನಂತೆ ಚುಚ್ಚುತ್ತದೆ. ಕಲ್ಲಿಗೆ ಆ ಭಯವಿಲ್ಲ. 2024ರ ವಿಶ್ವ ಪರಿಸರ ದಿನದಂದು ಪ್ರಧಾನಿ ಚಾಲನೆ ಕೊಟ್ಟ ‘ತಾಯಿಯ ಹೆಸರಲ್ಲಿ ಒಂದು ಗಿಡ’ ಅಭಿಯಾನದ ಬಳಿಕ ದೇಶದ ತುಂಬ ಇಂಥ ಸಸಿಗಳು ನೆಲ ಸೇರಿವೆ, ಹಾಗಾಗಿ ಈ ಪ್ರಶ್ನೆ ಈಗ ಮನೆಮನೆಯದು. ಈ ಆಕ್ಷೇಪಕ್ಕೆ ಎರಡು ಉತ್ತರಗಳಿವೆ. ಒಂದು, ಆ ಭಯವೇ ತೋಟದ ಹೆಚ್ಚುಗಾರಿಕೆ. ಕಲ್ಲನ್ನು ನಿಲ್ಲಿಸಿ ಮನೆಗೆ ಹೋಗಬಹುದು. ಗಿಡ ನೆಟ್ಟವರು ಮತ್ತೆ ಬರಲೇಬೇಕು. ಸಾವಿನ ನಂತರದ ದಿನಗಳಲ್ಲಿ ಕೈಗೆ ಕೆಲಸವೇ ಇಲ್ಲದಂತಾಗುವ ಹೊತ್ತಿಗೆ, ನೀರು ಹೊತ್ತು ಹಾಕುವ, ಕಳೆ ಕೀಳುವ, ಗೆದ್ದಲು ನೋಡುವ ಕೆಲಸ ದುಃಖಕ್ಕೆ ಒಂದು ದಾರಿ ಕೊಡುತ್ತದೆ. ಎರಡು, ಒಬ್ಬರಿಗೊಂದು ಮರ ಎಂಬ ಲೆಕ್ಕವನ್ನೇ ಕೈಬಿಡಬೇಕು. ಒಂದು ಹೆಸರನ್ನು ಒಂದು ಕಾಂಡಕ್ಕೆ ಕಟ್ಟಿದರೆ ನೂರು ಮರಗಳಲ್ಲಿ ಹತ್ತು ಸಾಯುವುದು ಖಂಡಿತ, ಆ ಹತ್ತು ಮನೆಯವರ ಗತಿಯೇನು? ಅಮೆರಿಕದಲ್ಲಿ 2001ರ ಸೆಪ್ಟೆಂಬರ್ 11ರಂದು ಪೆನ್ಸಿಲ್ವೇನಿಯಾದ ಹೊಲದಲ್ಲಿ ಬಿದ್ದ ವಿಮಾನದ 40 ಮಂದಿಯ ನೆನಪಿಗೆ 40 ತೋಪುಗಳನ್ನು ಯೋಜಿಸಿದರು, ಒಂದೊಂದರಲ್ಲಿ 40 ಮರ. ಒಂದು ಮರ ಹೋದರೂ ತೋಪು ಉಳಿಯುತ್ತದೆ. ಸ್ವೀಡನ್ನಿನ ಸ್ಮಶಾನಗಳ ನೆನಪಿನ ತೋಪುಗಳಲ್ಲಿ ಬೂದಿಯನ್ನು ಎಲ್ಲಿ ಇಟ್ಟರೆಂಬುದೇ ಬಂಧುಗಳಿಗೆ ಗೊತ್ತಿರುವುದಿಲ್ಲ. ಇಡೀ ತೋಪೇ ತಮ್ಮವರದು ಎಂದುಕೊಳ್ಳುತ್ತಾರೆ. ಹೆಸರುಗಳು ಕಲ್ಲಿನ ಮೇಲೆ ಒಟ್ಟಿಗೆ ಇರಲಿ, ಮರಗಳು ಎಲ್ಲರಿಗೂ ಸೇರಿರಲಿ.

ಮೂರನೆಯದು, ಬೇಗ ಹಸಿರು ಬೇಕೆನ್ನುವವರ ಒತ್ತಾಯ. ಇದು ಆಕ್ಷೇಪದ ರೂಪದಲ್ಲಿ ಬರುವುದಿಲ್ಲ, ಟೆಂಡರಿನ ರೂಪದಲ್ಲಿ ಬರುತ್ತದೆ. ಹಿಂದೆ ನಗರಗಳು ಬೇಗ ಬೆಳೆಯುವುದೆಂದು ಕೋನೋಕಾರ್ಪಸ್ ಗಿಡಗಳನ್ನು ಸಾಲುಸಾಲಾಗಿ ನೆಟ್ಟವು. ಪರಿಸರಕ್ಕೂ ಆರೋಗ್ಯಕ್ಕೂ ಹಾನಿಯೆಂದು 2023ರಲ್ಲಿ ಗುಜರಾತ್ ಸರ್ಕಾರವೇ ಅದನ್ನು ನಿಷೇಧಿಸಿತು. ಈಗ ಎಲ್ಲೆಡೆ ಮಿಯಾವಾಕಿ ಕಾಡು. ಜಪಾನಿನ ಸಸ್ಯವಿಜ್ಞಾನಿ ಅಕಿರಾ ಮಿಯಾವಾಕಿಯವರ ಕ್ರಮದಲ್ಲಿ ಚದರ ಮೀಟರಿಗೆ ಸುಮಾರು ಮೂರು ಸಸಿ ಒತ್ತೊತ್ತಾಗಿ ನೆಡುತ್ತಾರೆ. ಕಾಡಿನ ತುಣುಕಾಗಿ ಅದು ಒಳ್ಳೆಯದೇ, ಹಕ್ಕಿಗಳಿಗೆ ಆಸರೆ. ಆದರೆ ಅದರೊಳಕ್ಕೆ ಮನುಷ್ಯ ಕಾಲಿಡಲಾಗದು. ಅಜ್ಜಿಯೊಬ್ಬಳು ಮೊಮ್ಮಗಳ ಕೈ ಹಿಡಿದು ಕೂರಲು ಅಲ್ಲಿ ತಾವಿಲ್ಲ. ನೆನಪಿನ ತೋಟಕ್ಕೆ ಬೇಕಾದದ್ದು ಅಗಲವಾಗಿ ಹರಡುವ ಮರ, ಅದರ ಕೆಳಗೆ ಕಟ್ಟೆ. ಬೇವು, ಆಲ, ಹುಣಸೆ, ಹೊಂಗೆ, ಗುಜರಾತಿಗರು ಪ್ರೀತಿಯಿಂದ ಹಣ್ಣು ತಿನ್ನುವ ರಾಯಣ್. ಅಂಚಿನಲ್ಲಿ ಹೂವಿಗೆ ಬಕುಳ, ಪಾರಿಜಾತ. ಇವು ನಿಧಾನ ನಿಜ. ಹತ್ತು ವರ್ಷ ಕಾಯಬೇಕು. ತಂದೆ ತಾಯಿಯ ನೆನಪಿಗೆ ಹತ್ತು ವರ್ಷ ಹೆಚ್ಚೇನಲ್ಲ.

ನೀರು ಮೊದಲು, ಮರ ಆಮೇಲೆ

ಬರದ ನೆಲದಲ್ಲಿ ಇದೆಲ್ಲ ಆಗುವ ಮಾತೇ ಎಂದರೆ ಭುಜ್ ನೋಡಬೇಕು. 2001ರ ಜನವರಿ 26ರ ಬೆಳಿಗ್ಗೆ 8.46ಕ್ಕೆ ಕಛ್ ನಡುಗಿತು. ದೂರದ ಅಹಮದಾಬಾದಿನಲ್ಲೂ ಬಹುಮಹಡಿ ಕಟ್ಟಡಗಳು ಕುಸಿದು ನೂರಾರು ಮಂದಿ ಸತ್ತರು. ಆ ಭೂಕಂಪದ ಸ್ಮಾರಕ ‘ಸ್ಮೃತಿವನ’ ಭುಜ್ ಪಕ್ಕದ ಭುಜಿಯೊ ಗುಡ್ಡದ 470 ಎಕರೆಯಲ್ಲಿದೆ. ಅದು ತೆರೆದದ್ದು 2022ರ ಆಗಸ್ಟ್ 28ರಂದು. ಗುಡ್ಡ ಬೋಳು, ಮಳೆ ಅಪರೂಪ. ಬಿದ್ದ ಮಳೆಯೂ ಇಳಿಜಾರಿನಲ್ಲಿ ಹರಿದುಹೋಗುವಂಥದು. ವಾಸ್ತುಶಿಲ್ಪಿ ರಾಜೀವ್ ಕಠ್ಪಾಲಿಯಾ ಮತ್ತು ಅವರ ತಂಡ ಗುಡ್ಡದ ಕೊರಕಲುಗಳಿಗೆ ಅಡ್ಡವಾಗಿ ಐವತ್ತರಷ್ಟು ಪುಟ್ಟ ಜಲಾಶಯಗಳನ್ನು ಯೋಜಿಸಿತು. ಸತ್ತ 12,932 ಮಂದಿಯ ಹೆಸರಿನ ಫಲಕಗಳು ಇರುವುದು ಆ ನೀರಿನ ಕಟ್ಟೆಗಳಲ್ಲಿ. ನಿಂತ ನೀರು ನೆಲಕ್ಕೆ ಇಂಗಿ ಸುತ್ತ ನೆಟ್ಟ ಲಕ್ಷಗಟ್ಟಲೆ ಗಿಡಗಳನ್ನು ಪೊರೆಯುತ್ತದೆ. ಹೆಸರು ಓದಲು ಬಂದವರು ನೀರಿನ ಬದಿಯಲ್ಲಿ ನಿಲ್ಲುತ್ತಾರೆ, ಆ ನೀರಿನಿಂದಲೇ ಬೆಳೆದ ಮರದ ನೆರಳಲ್ಲಿ ಮುಂದೆ ನಡೆಯುತ್ತಾರೆ. ಅಲ್ಲಿನ ವಸ್ತುಸಂಗ್ರಹಾಲಯಕ್ಕೆ ಪ್ರಶಸ್ತಿ ಬಂದಿದೆ, ಜನ ಅದರ ಬಗ್ಗೆ ಹೆಚ್ಚು ಮಾತಾಡುತ್ತಾರೆ. ನನ್ನ ಮಟ್ಟಿಗೆ ಹೆಚ್ಚಿನದು ಆ ಕಟ್ಟೆಗಳು: ಹೆಸರು, ನೀರು, ಮರ ಮೂರನ್ನೂ ಒಂದೇ ಜಾಗದಲ್ಲಿ ಸೇರಿಸಿದ ಬುದ್ಧಿ ಅಲ್ಲಿದೆ.

ಭುಜ್‌ನಿಂದ ಅಹಮದಾಬಾದ್ ಕಲಿಯಬೇಕಾದದ್ದು ಅಳತೆಯನ್ನಲ್ಲ, ಕ್ರಮವನ್ನು. ಅಹಮದಾಬಾದಿನಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ, ಅದೂ ಜೂನ್ ನಡುವಿನಿಂದ ಸೆಪ್ಟೆಂಬರ್ ಒಳಗೆ. ಆಮೇಲೆ ಎಂಟು ತಿಂಗಳು ಆಕಾಶದಿಂದ ಏನೂ ಬರುವುದಿಲ್ಲ. ಜುಲೈನ ವನಮಹೋತ್ಸವದಲ್ಲಿ ನೆಟ್ಟ ಸಸಿಯ ಹಣೆಬರಹ ತೀರ್ಮಾನವಾಗುವುದು ಮುಂದಿನ ಏಪ್ರಿಲ್‌ನಲ್ಲಿ. ಅಂದ ಹಾಗೆ 1950ರಲ್ಲಿ ವನಮಹೋತ್ಸವವನ್ನು ದೇಶದ ಹಬ್ಬವನ್ನಾಗಿ ಮಾಡಿದ ಕೇಂದ್ರ ಸಚಿವ ಕನೈಯಾಲಾಲ್ ಮುನ್ಶಿ ವಡೋದರಾ ಮತ್ತು ಸೂರತ್ ನಡುವಿನ ಭರೂಚಿನವರು, ವಡೋದರಾದಲ್ಲಿ ಓದಿದವರು. ಗುಜರಾತ್ ಸರ್ಕಾರ 2004ರಿಂದ ವನಮಹೋತ್ಸವಕ್ಕೆಂದು ಬೇರೆ ಬೇರೆ ಕಡೆ ಸಾಂಸ್ಕೃತಿಕ ವನಗಳನ್ನು ಬೆಳೆಸುತ್ತ ಬಂದಿದೆ. ಅವುಗಳಲ್ಲಿ ಕೆಲವು ಸಾವಿನ ನೆನಪಿನವೇ: 1913ರ ನವೆಂಬರ್ 17ರಂದು ಬ್ರಿಟಿಷರ ಗುಂಡಿಗೆ ಬಲಿಯಾದ ಭೀಲರಿಗಾಗಿ ಮಾನಗಢದಲ್ಲಿ ಗೋವಿಂದ ಗುರು ಸ್ಮೃತಿವನ, 1922ರ ಪಾಲ್-ದಢವಾವ್ ಹತ್ಯಾಕಾಂಡದ ಆದಿವಾಸಿಗಳಿಗಾಗಿ ವೀರಾಂಜಲಿ ವನ. ಅಂದರೆ ಸರ್ಕಾರಕ್ಕೆ ಈ ಕೆಲಸ ಗೊತ್ತಿಲ್ಲದ್ದಲ್ಲ. ನಗರದೊಳಗೆ, ಇತ್ತೀಚಿನ ಸಾವುಗಳಿಗಾಗಿ, ಅದನ್ನೇ ಚಿಕ್ಕದಾಗಿ ಆದರೆ ಎಚ್ಚರದಿಂದ ಮಾಡಬೇಕಾಗಿದೆ.

ಕರ್ನಾಟಕಕ್ಕೂ ಇದರಲ್ಲಿ ಪಾಲಿದೆ. 2010ರ ಮೇ 22ರಂದು ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಂದಕಕ್ಕೆ ಉರುಳಿ 158 ಮಂದಿ ಸತ್ತರು, ಎಂಟು ಮಂದಿ ಉಳಿದರು. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಎಷ್ಟೋ ಮನೆಗಳು ಬರಿದಾದವು. ಗುರುತು ಹತ್ತದ 12 ದೇಹಗಳನ್ನು ಕೂಳೂರು–ತಣ್ಣೀರುಬಾವಿ ರಸ್ತೆಯ ಬದಿಯಲ್ಲಿ, ಫಲ್ಗುಣಿ ನದಿಯ ಹತ್ತಿರ, ಎಲ್ಲ ಧರ್ಮಗಳ ಪ್ರಾರ್ಥನೆಯೊಂದಿಗೆ ಮಣ್ಣು ಮಾಡಿದರು. ಅಲ್ಲೇ ಈಗ ಸ್ಮಾರಕ ಉದ್ಯಾನವಿದೆ. ಪ್ರತಿ ಮೇ 22ರಂದು ಜಿಲ್ಲಾಡಳಿತದವರೂ ಬಂಧುಗಳೂ ಅಲ್ಲಿ ಹೂವಿಡುತ್ತಾರೆ. ಆ ಒಂದು ದಿನ ನೆನಪಿಡುವುದು ಸುಲಭ. ತೋಟ ಕೇಳುವುದು ಉಳಿದ 364 ದಿನಗಳನ್ನು. ಐರ್ಲೆಂಡಿನ ಅಹಕಿಸ್ತಾದ ಹಳ್ಳಿಯವರು ನಾಲ್ಕು ದಶಕಗಳಿಂದ ಅದನ್ನು ಕೊಡುತ್ತ ಬಂದಿದ್ದಾರೆ. ಸತ್ತವರು ತಮ್ಮ ನೆಂಟರಲ್ಲದಿದ್ದರೂ ಕೊಡುತ್ತಿದ್ದಾರೆ. ಒಂದು ತೋಟ ಉಳಿಯುವುದು ಊರು ಅದನ್ನು ತನ್ನದೆಂದು ಹಚ್ಚಿಕೊಂಡಾಗ ಎಂಬುದಕ್ಕೆ ಇದಕ್ಕಿಂತ ನೇರ ಪುರಾವೆ ಬೇಡ.

[ಚೌಕಟ್ಟು] ಮನೆಯವರೇ ನೆಡುವುದಾದರೆ

ಮೇ ತಿಂಗಳಲ್ಲೇ ಎರಡಡಿ ಆಳ, ಎರಡಡಿ ಅಗಲದ ಗುಂಡಿ ತೋಡಿ ಬಿಸಿಲಿಗೆ ಬಿಡಿ. ಮೇಲ್ಮಣ್ಣಿಗೆ ಕೊಳೆತ ಗೊಬ್ಬರ, ಬೇವಿನ ಹಿಂಡಿ ಬೆರೆಸಿ. ಮೊದಲ ಎರಡು ಒಳ್ಳೆಯ ಮಳೆ ಬಿದ್ದ ಮೇಲೆ ನೆಡಿ.

ಸೂರತ್ತಿನಂಥ ಎರೆಮಣ್ಣಿನಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ, ಸಸಿಯನ್ನು ದಿಬ್ಬದ ಮೇಲೆ ನೆಡಿ. ಅಹಮದಾಬಾದಿನಂಥ ಮರಳು ಬೆರೆತ ಮಣ್ಣಿನಲ್ಲಿ ಪಾತಿ ಮಾಡಿ, ಒಣಗಿದ ಎಲೆ ಹೊದಿಸಿ.

ಚಿತಾಭಸ್ಮ ಕ್ಷಾರ ಗುಣದ್ದು. ಬೇರಿಗೆ ನೇರ ಸುರಿದರೆ ಸಸಿ ಸುಟ್ಟುಹೋಗುತ್ತದೆ. ಒಂದು ಹಿಡಿಯಷ್ಟನ್ನು ಮಾತ್ರ ಬಹಳಷ್ಟು ಮಣ್ಣು, ಗೊಬ್ಬರದ ಜೊತೆ ಬೆರೆಸಿ.

ಬುಡದ ಪಕ್ಕ ತಳದಲ್ಲಿ ಸಣ್ಣ ತೂತಿರುವ ಮಣ್ಣಿನ ಮಡಕೆಯನ್ನು ಕತ್ತಿನವರೆಗೆ ಹೂತು, ವಾರಕ್ಕೆರಡು ಸಲ ತುಂಬಿದರೆ ಬೇಸಿಗೆ ದಾಟುತ್ತದೆ. ಮೂರು ಬೇಸಿಗೆ ಇದನ್ನು ತಪ್ಪಿಸಬೇಡಿ.

ಅಹಮದಾಬಾದಿಗೆ ಒಂದು ಕೋರಿಕೆ

ನಗರದ ಜಾಗ ಬೆಲೆಬಾಳುವಂಥದು, ಅದರಲ್ಲಿ ತೋಟ ಮಾಡಿದರೆ ಕೊನೆಗೆ ಅದು ವಾಕಿಂಗಿಗೆ ಬರುವವರ, ಹರಟೆ ಹೊಡೆಯುವವರ ತಾಣವಾಗುತ್ತದೆ, ಪಾವಿತ್ರ್ಯ ಉಳಿಯುವುದಿಲ್ಲ ಎನ್ನುವ ಮಾತು ಕೊನೆಯದಾಗಿ ಕೇಳಿಬರುತ್ತದೆ. ಹಾಗಾಗಲಿ ಎಂದೇ ನಾನು ಹೇಳುತ್ತೇನೆ. ವಾಕಿಂಗಿಗೆ ಬರುವವರಲ್ಲೇ ಯಾರೋ ಕಸ ಎತ್ತುತ್ತಾರೆ, ನಲ್ಲಿ ಕೆಟ್ಟರೆ ಯಾರೋ ದೂರು ಕೊಡುತ್ತಾರೆ, ಒಣಗಿದ ಗಿಡ ಯಾರದೋ ಕಣ್ಣಿಗೆ ಬೀಳುತ್ತದೆ. ಬೀಗ ಹಾಕಿ ವರ್ಷಕ್ಕೊಮ್ಮೆ ತೆರೆಯುವ ಸ್ಮಾರಕಕ್ಕೆ ಈ ಕಾವಲು ಸಿಗುವುದಿಲ್ಲ. ಸ್ಕಾಟ್‌ಲೆಂಡಿನ ಲಾಕರ್ಬಿ ಪಟ್ಟಣದ ಮೇಲೆ 1988ರ ಡಿಸೆಂಬರ್ 21ರಂದು ವಿಮಾನ ಬಿದ್ದಾಗ ನೆಲದ ಮೇಲಿದ್ದ 11 ಮಂದಿಯೂ ಸೇರಿ 270 ಮಂದಿ ಸತ್ತರು. ಸ್ಮಶಾನದಲ್ಲಿ ದೊಡ್ಡ ಸ್ಮರಣಾ ಉದ್ಯಾನ ಮಾಡಿದ್ದಲ್ಲದೆ, ಮನೆಗಳು ನೆಲಸಮವಾದ ಬೀದಿಯಲ್ಲೂ ಪುಟ್ಟ ತೋಟ ಬಿಟ್ಟರು. ಬೀದಿಯವರ ನಿತ್ಯದ ಓಡಾಟ ಅದರ ಪಕ್ಕದಲ್ಲೇ ನಡೆಯುತ್ತದೆ.

ಮೇಘಾಣಿನಗರಕ್ಕೆ ಇದೇ ಸರಿಯಾದ ದಾರಿ. ಟಾಟಾ ಸಮೂಹ ಈ ದುರಂತದ ಹೆಸರಿನಲ್ಲಿ 500 ಕೋಟಿ ರೂಪಾಯಿಯ ಟ್ರಸ್ಟ್ ನೋಂದಾಯಿಸಿದೆ. ಕಾಲೇಜಿನ ಹಾಸ್ಟೆಲ್ ಮತ್ತೆ ಕಟ್ಟುವುದೂ ಅದರ ಉದ್ದೇಶಗಳಲ್ಲೊಂದು. ಹಾಗೆ ಕಟ್ಟುವಾಗ ಸಿವಿಲ್ ಆಸ್ಪತ್ರೆಗೆ ಬರುವ ರೋಗಿಗಳ ಕಡೆಯವರು, ಹಾಸ್ಟೆಲಿನ ಹುಡುಗರು, ಸುತ್ತಲ ಬೀದಿಯವರು ಎಲ್ಲರೂ ಬಳಸುವಂಥ ನೆರಳಿನ ತೋಟಕ್ಕೆ ಜಾಗ ಎತ್ತಿಡಬೇಕು. 260 ಹೆಸರುಗಳೂ ಒಂದೇ ಅಳತೆಯ ಅಕ್ಷರದಲ್ಲಿರಲಿ; ವಿಮಾನದಲ್ಲಿದ್ದವರು, ನೆಲದ ಮೇಲಿದ್ದವರು ಎಂಬ ಭೇದ ಬೇಡ. ಮಳೆನೀರು ನಿಲ್ಲುವ ಹೊಂಡ ಮೊದಲು ಆಗಲಿ, ಸಸಿ ಆಮೇಲೆ ಬರಲಿ. ಹತ್ತು ವರ್ಷಗಳ ಮಾಲಿಗಳ ಸಂಬಳ ಮತ್ತು ನೀರಿನ ಖರ್ಚನ್ನು ಅಡಿಗಲ್ಲು ಹಾಕುವ ದಿನವೇ ಬೇರೆ ಖಾತೆಯಲ್ಲಿ ಇಡಲಿ. ಇಷ್ಟು ಮಾಡಲಾಗದಿದ್ದರೆ ಸಸಿ ನೆಡುವ ಸಮಾರಂಭವೇ ಬೇಡ. ಓದುಗರಲ್ಲಿ ಒಂದು ಮಾತು: ಮಂಗಳೂರು ಕಡೆ ಹೋದಾಗ ಮೇ 22ರವರೆಗೆ ಕಾಯದೆ, ಯಾವುದಾದರೂ ಸಾಮಾನ್ಯ ದಿನ ಕೂಳೂರಿನ ಆ ಉದ್ಯಾನಕ್ಕೆ ಹೋಗಿ ಸ್ವಲ್ಪ ಹೊತ್ತು ಕುಳಿತು ಬನ್ನಿ, ಗಿಡ ಒಣಗಿದ್ದರೆ ಸಂಬಂಧಪಟ್ಟವರಿಗೆ ಒಂದು ಪತ್ರ ಬರೆಯಿರಿ.